ಗಲ್ಲಾ ಬಿಟ್ಟು ಆಫ್ರಿಕಾಕ್ಕೆ

ಮಲಾಡಿನಲ್ಲಿ ಟೂರ್ ಆಫೀಸು ಇಟ್ಟುಕೊಂಡವನು ನಗಲು ಬೇರೆಲ್ಲೂ ಹೋಗಬೇಕಾಗಿಲ್ಲ. ಬೆಳಿಗ್ಗೆ ಶಟರ್ ಎತ್ತಿ ಕೂತರೆ ಸಾಕು, ಪ್ರಸಂಗಗಳು ತಾವಾಗಿಯೇ ಚಪ್ಪಲಿ ಕಳಚಿ ಒಳಗೆ ಬರುತ್ತವೆ. ಹಿಟ್ಟಿನ ಗಿರಣಿಯ ಪಕ್ಕದ ಈ ಒಂದು ಕೋಣೆಯಿಂದ ನಾನು ಜನರನ್ನು ತಿರುಪತಿಗೆ, ಶಿರಡಿಗೆ, ಧರ್ಮಸ್ಥಳಕ್ಕೆ ಕಳಿಸಿದ್ದೇನೆ. ದೇವರನ್ನು ತೋರಿಸುವುದು ಸುಲಭ, ಅವನು ಇದ್ದಲ್ಲೇ ಇರುತ್ತಾನೆ. ಈ ವರ್ಷ ಬುದ್ಧಿಗೆಟ್ಟು, ಕೀನ್ಯಾಕ್ಕೆ ಕರೆದುಕೊಂಡು ಹೋಗಿ ಸಿಂಹ ತೋರಿಸುತ್ತೇನೆ ಎಂದು ಬೋರ್ಡು ಹಾಕಿದೆ.

ಬೋರ್ಡು ಹಾಕಿಸಿದ್ದು ನಮ್ಮ ಗಲ್ಲಿಯ ಉಡುಪಿ ಹೋಟೆಲಿನ ಧಣಿಗಳ ಹೆಂಡತಿ. ನಾನು ಅವರನ್ನು ಅಕ್ಕ ಎನ್ನುತ್ತೇನೆ. ಮದುವೆಯಾಗಿ ಮುಂಬಯಿಗೆ ಬಂದ ಮೇಲೆ ಅಕ್ಕ ನೋಡಿದ್ದು ಮನೆ, ಹೋಟೆಲು, ವರ್ಷಕ್ಕೊಮ್ಮೆ ಊರು, ಇಷ್ಟೇ. ಈಗ ಮಂಡಿನೋವು ಶುರುವಾಗಿದೆ. ಮಂಡಿ ಪೂರ್ತಿ ಕೈಕೊಡುವ ಮೊದಲು ಬೋನಿಲ್ಲದ ಸಿಂಹವನ್ನು ಒಮ್ಮೆ ಕಣ್ಣಾರೆ ನೋಡಬೇಕೆನ್ನುವುದು ಅವರ ಆಸೆ. ಅಡ್ಡಿ ಅಂದರೆ ಗಂಡ. ಧಣಿಗಳು ಗಲ್ಲಾ ಬಿಟ್ಟು ಏಳುವ ಪೈಕಿ ಅಲ್ಲ. ಸ್ವಂತ ತಮ್ಮನ ಮದುವೆಯಲ್ಲಿ ಅಕ್ಷತೆ ಹಾಕಿ, ಊಟಕ್ಕೂ ನಿಲ್ಲದೆ ಗಲ್ಲಾಕ್ಕೆ ಓಡಿ ಬಂದವರು. ಹೆಂಡತಿಯನ್ನು ಒಬ್ಬಳೇ ಕಳಿಸುವುದಕ್ಕೂ ಮನಸ್ಸಿಲ್ಲ. ಹೋದರೆ ಇಬ್ಬರೂ, ಇಲ್ಲವಾದರೆ ಯಾರೂ ಇಲ್ಲ ಎಂಬ ಕಾನೂನು ಮಾಡಿದ್ದರು.

ಹುಲಿಯ ಬದಲಿಗೆ

ಕುಣಿಯಲಾರದವರಿಗೆ ನೆಲ ಡೊಂಕು ಅನ್ನುತ್ತಾರಲ್ಲ, ಧಣಿಗಳಿಗೆ ಆಫ್ರಿಕಾವೇ ಡೊಂಕು. ನಾನು ಹೋಟೆಲಿಗೇ ಹೋಗಿ ಗಲ್ಲಾದ ಮೇಲೆ ಫೋಟೋಗಳನ್ನು ಹರಡಿದೆ. ಸಿಂಹ, ಆನೆ, ಘೇಂಡಾಮೃಗ, ಜಿರಾಫೆ. ಅವರು ಎಲ್ಲವನ್ನೂ ತಿರುಗಿಸಿ ನೋಡಿ, ಹುಲಿ ಎಲ್ಲಿ ಎಂದು ಕೇಳಿದರು. ಆಫ್ರಿಕಾದ ಕಾಡಿನಲ್ಲಿ ಹುಲಿ ಇರುವುದಿಲ್ಲ ಅಂದೆ. ಚಟ್ನಿಗೆ ತೆಂಗಿನಕಾಯಿ ಹಾಕಿಲ್ಲ ಅಂದವನನ್ನು ನೋಡುವಂತೆ ನನ್ನನ್ನು ನೋಡಿದರು.

"ಹುಲಿ ಇಲ್ಲದ ಕಾಡು ಎಂತ ಕಾಡು ಮಾರಾಯ್ರೆ? ನಮ್ಮ ಊರಲ್ಲಿ ಅಷ್ಟಮಿಗೆ ಹುಲಿ ಮನೆ ಬಾಗಿಲಿಗೇ ಬಂದು ಕುಣೀತದೆ."

ಅದು ಬಣ್ಣ ಬಳಿದುಕೊಂಡ ಮನುಷ್ಯ ಎಂದು ನೆನಪಿಸಿದೆ. ಅವರು ಬಗ್ಗಲಿಲ್ಲ. ತಮ್ಮ ಹೋಟೆಲಿನಲ್ಲಿ ಊಟದ ಪೂರಿ ಮುಗಿದರೆ ಗಿರಾಕಿಗೆ ಬದಲಿಗೆ ಚಪಾತಿ ಕೊಡುತ್ತಾರಂತೆ, ಹುಲಿ ಇಲ್ಲದಿದ್ದರೆ ನಾನು ಬದಲಿಗೆ ಏನು ಕೊಡುತ್ತೇನೆ ಎಂದು ಕೇಳಿದರು. ನನಗೂ ರೇಗಿತು. ಜಿರಾಫೆ ಜಾಸ್ತಿ ತೋರಿಸುತ್ತೇನೆ ಅಂದೆ.

ಅವರು ಜಿರಾಫೆಯ ಫೋಟೋ ಎತ್ತಿ ಹಿಡಿದು ಕೇಳಿದರು, "ಅದು ಊಟದೊಟ್ಟಿಗೇ ಬರ್ತದಾ, ಎಕ್ಸ್‌ಟ್ರಾವಾ?"

ಖಾಕಿ

ಅಕ್ಕ ಛಲ ಬಿಡದೆ ನೆರೆಹೊರೆಯ ಹೆಂಗಸರನ್ನೂ ಸೇರಿಸಿ ವಾಟ್ಸಾಪ್ ಗ್ರೂಪ್ ಮಾಡಿದರು. ಮುಂಬಯಿಯ ಹೆಂಗಸರಿಗೆ ನವರಾತ್ರಿಯಲ್ಲಿ ದಿನಕ್ಕೊಂದು ಬಣ್ಣ ಉಡುವ ರೂಢಿ. ಕಾಡಿಗೂ ಅದೇ ಪದ್ಧತಿ ತಂದು, ಮೊದಲ ದಿನ ಕೇಸರಿ, ಮರುದಿನ ಗಿಳಿಹಸಿರು, ಸಿಂಹದ ದಿನ ಕೆಂಪು ಎಂದು ನಿರ್ಧಾರವಾಯಿತು. ಕೆಂಪಿಗೆ ಜರಿಯಂಚು ಇರಬೇಕೋ ಬೇಡವೋ ಎಂಬುದಷ್ಟೇ ಬಾಕಿ ಇತ್ತು.

ನಾನು ನಡುವೆ ಬಾಯಿ ಹಾಕಿ, ಕಾಡಿನಲ್ಲಿ ಢಾಳಾದ ಬಣ್ಣ ಬೇಡ, ಮಣ್ಣಿನ ಬಣ್ಣ ಒಳ್ಳೆಯದು, ಎಲ್ಲರೂ ಖಾಕಿ ಹಾಕಿಕೊಳ್ಳಿ ಎಂದು ಬರೆದೆ. ಗ್ರೂಪು ಸಂಜೆಯವರೆಗೆ ಮೌನವಾಗಿತ್ತು. ನನ್ನ ಮಾತು ನಾಟಿತು ಎಂದು ಹೆಮ್ಮೆಪಟ್ಟುಕೊಂಡೆ.

ಸಂಜೆ ಅಕ್ಕನ ಧ್ವನಿಸಂದೇಶ ಬಂತು. "ನಾವೆಲ್ಲ ರಿಕ್ಷಾದವರ ಹಾಗೆ ಖಾಕಿ ಹಾಕಿ ಸಾಲಾಗಿ ನಿಂತ್ರೆ, ಸಿಂಹ ಬಂದು 'ಸ್ಟೇಷನ್ ಚಲೋಗೇ ಕ್ಯಾ' ಅಂತ ಕೇಳೀತು."

ಮಲಾಡಿನ ಸಿಂಹವಾಗಿದ್ದರೆ ಖಂಡಿತ ಕೇಳುತ್ತಿತ್ತು, ಮತ್ತು ರಿಕ್ಷಾದವ ಖಂಡಿತ ಬರುವುದಿಲ್ಲ ಅನ್ನುತ್ತಿದ್ದ.

ಗಣಪ್ಪನಿಗೆ ಬಾಳೆಹಣ್ಣು

ತಂಡಕ್ಕೆ ದಹಿಸರಿನಿಂದ ಒಬ್ಬ ಅಜ್ಜಿಯೂ ಸೇರಿದರು. ಬಾಗಲಕೋಟೆ ಕಡೆಯವರು, ಮಗ ಬಿಲ್ಡಿಂಗ್ ಕಾಂಟ್ರಾಕ್ಟರ್. ಅಜ್ಜಿಗೆ ಸಿಂಹದ ಗೊಡವೆಯಿಲ್ಲ, ಆನೆ ಸಾಕು. ಹೆಸರು ಕೊಡಲು ಬಂದ ದಿನವೇ ಅವರು ನನ್ನನ್ನು ಕೇಳಿದ್ದು, ಬಾಳೆಹಣ್ಣು ಇಲ್ಲಿಂದಲೇ ಒಯ್ಯಬೇಕೋ ಅಲ್ಲಿ ಸಿಗುತ್ತದೋ ಎಂದು.

ಯಾರಿಗೆ ಬಾಳೆಹಣ್ಣು ಎಂದು ಕೇಳಿದ್ದು ನನ್ನ ತಪ್ಪು. "ಗಣಪ್ಪನ ಮುಂದ ಬರಿಗೈಲೆ ಹ್ಯಾಂಗ ನಿಂದರೂದೋ ತಮ್ಮಾ? ಹಣ್ಣು ಕೊಡೂದು, ತಲಿ ಬಗ್ಗಸೂದು. ಅಂವ ಸೊಂಡಿ ಇಟ್ಟು ಆಶೀರ್ವಾದ ಮಾಡತಾನ."

ಅದು ದೇವಸ್ಥಾನದ ಆನೆಯಲ್ಲ, ಕಾಡಾನೆ, ಅದಕ್ಕೆ ತಿಂಡಿ ಕೊಡುವುದಿರಲಿ, ಜೀಪಿನಿಂದ ಕೈ ಹೊರಗೆ ಹಾಕಲಿಕ್ಕೂ ಬಿಡುವುದಿಲ್ಲ, ಸಿಟ್ಟು ಬಂದರೆ ಜೀಪನ್ನೇ ಮಗುಚಿ ಹಾಕುತ್ತದೆ, ಆಶೀರ್ವಾದ ಮಾಡುವುದು ಅದಕ್ಕೆ ಗೊತ್ತೇ ಇಲ್ಲ ಎಂದು ಒಂದೊಂದಾಗಿ ಬಿಡಿಸಿ ಹೇಳಿದೆ. ಅಜ್ಜಿ ಗಲ್ಲಕ್ಕೆ ಕೈ ಹಚ್ಚಿ ಪೂರ್ತಿ ಕೇಳಿಸಿಕೊಂಡರು. ಅವರ ಮುಖದಲ್ಲಿ ಹೆದರಿಕೆ ಇರಲಿಲ್ಲ, ಆನೆಗಳ ಮೇಲೆ ಕನಿಕರವಿತ್ತು.

"ಪಾಪ, ಅವಕ್ಕ ಯಾರೂ ಕಲಿಸಿಲ್ಲ. ಇರಲಿ, ನಾ ಹೊಂಟೇನಲ್ಲ."

ರಿಹರ್ಸಲ್

ಇಂಥವರನ್ನು ನೇರವಾಗಿ ಆಫ್ರಿಕಾಕ್ಕೆ ಒಯ್ಯಲು ನನಗೆ ಧೈರ್ಯವಾಗಲಿಲ್ಲ. ಮೊದಲು ಬೊರಿವಲಿಯ ನ್ಯಾಷನಲ್ ಪಾರ್ಕಿನಲ್ಲಿ ಒಂದು ರಿಹರ್ಸಲ್ ಮಾಡೋಣ ಅಂದೆ. ಅಲ್ಲಿ ಜಾಲರಿ ಹಾಕಿದ ಬಸ್ಸಿನಲ್ಲಿ ಕೂರಿಸಿ ಸಿಂಹ ತೋರಿಸುತ್ತಾರೆ. ಪ್ರಾಣಿ ಕಂಡಾಗ ಉಸಿರೆತ್ತದೆ ಕೂರುವುದು ಹೇಗೆಂದು ಕಲಿಸುವುದು ನನ್ನ ಉದ್ದೇಶ. ಅಕ್ಕ ಹೇಗೋ ಗೋಗರೆದು ಧಣಿಗಳನ್ನೂ ಎಬ್ಬಿಸಿಕೊಂಡು ಬಂದರು. ಹೋಟೆಲಿನ ತಿಂಡಿಯ ಗದ್ದಲ ಮುಗಿದು ಊಟದ ಗದ್ದಲ ಶುರುವಾಗುವುದರೊಳಗೆ ವಾಪಸು ಮುಟ್ಟಿಸಬೇಕೆಂಬ ಕರಾರಿನ ಮೇಲೆ.

ಬಸ್ಸು ತಿರುವಿನಲ್ಲಿ ನಿಂತಿತು. ಆಚೆ ಮರದ ಬುಡದಲ್ಲಿ ಏನೋ ಮಲಗಿದೆ, ನಡುವೆ ಪೊದೆ. ಅದು ಈಗ ಏಳುತ್ತದೆ, ಸುಮ್ಮನಿರಿ ಎಂದು ಡ್ರೈವರ್ ಸನ್ನೆ ಮಾಡಿದ. ನಮ್ಮ ಜನ ಇಷ್ಟು ಮೌನವಾಗಿ ಕೂತದ್ದನ್ನು ನಾನು ಸಾವಿನ ಮನೆಯಲ್ಲೂ ನೋಡಿಲ್ಲ. ಅಕ್ಕ ಜಾಲರಿಗೆ ಮೂಗು ಒತ್ತಿ ಕೂತಿದ್ದರು. ಧಣಿಗಳು ಮಾತ್ರ ಕೆಳಗೆ ನೋಡುತ್ತಿದ್ದರು. ಅವರ ಮೊಬೈಲಿನಲ್ಲಿ ಹೋಟೆಲಿನ ಸಿಸಿಟಿವಿ ಓಡುತ್ತಿತ್ತು. ಮೊಬೈಲಿನಲ್ಲಿ ಮಾತಾಡಿದರೆ ಹೋಟೆಲಿನ ಸ್ಪೀಕರಿನಲ್ಲಿ ಕೇಳುವ ಹಾಗೆ ವ್ಯವಸ್ಥೆಯಿದೆಯೆಂದು ನನಗೆ ಗೊತ್ತಾದದ್ದು ಆಮೇಲೆ.

ಸಿಂಹ ಕತ್ತೆತ್ತಿತು. ಅದೇ ಕ್ಷಣಕ್ಕೆ ಧಣಿಗಳು ಬಸ್ಸು ನಡುಗುವಂತೆ ಕೂಗಿದರು, "ಏಯ್, ಆ ಮೂಲೆ ಟೇಬಲ್ ಒರೆಸು!"

ಸಿಂಹ ಎದ್ದು ಪೊದೆಯ ಮರೆಯಲ್ಲೇ ಆಚೆ ನಡೆದುಬಿಟ್ಟಿತು. ಅಕ್ಕನಿಗೆ ಕಂಡದ್ದು ಬಾಲದ ತುದಿ. ಅಕ್ಕ ಸೆರಗಿನಿಂದ ಕನ್ನಡಕ ಒರೆಸಿಕೊಂಡರು.

ಹಿಂದಿನ ಸೀಟಿನಿಂದ ಅಜ್ಜಿಯ ದನಿ ಬಂತು. "ಸಿಂಹಾನೂ ಟೇಬಲ್ ಒರಸಾಕ ಹೋತೇನ?"

ಎರಡು ಪಾಸ್‌ಪೋರ್ಟು

ಆ ಬಾಲದ ತುದಿ ಧಣಿಗಳ ಮನಸ್ಸಿಗೂ ಚುಚ್ಚಿರಬೇಕು. ಮರುದಿನ ತಮ್ಮ ಕಾನೂನು ತಾವೇ ಮುರಿದು, ನೀನು ಅಜ್ಜಿಯ ಜೊತೆ ಹೋಗಿ ಬಾ, ನಾನು ಗಲ್ಲಾ ನೋಡಿಕೊಂಡಿರುತ್ತೇನೆ ಎಂದು ಹೆಂಡತಿಗೆ ಹೇಳಿದರು. ಭೂದಾನ ಮಾಡಿದವರ ಗತ್ತು ಇತ್ತಂತೆ. ಅಕ್ಕ ಒಂದು ಮಾತೂ ಎದುರಾಡದೆ ಒಪ್ಪಿಕೊಂಡರು.

ಮಧ್ಯಾಹ್ನ ಅಕ್ಕ ನನ್ನ ಆಫೀಸಿಗೆ ಬಂದು ಮೇಜಿನ ಮೇಲೆ ಪಾಸ್‌ಪೋರ್ಟು ಇಟ್ಟರು. ನೋಡಿದರೆ ಎರಡು. ಒಂದೇ ಸಾಕಲ್ಲ ಅಕ್ಕ ಅಂದೆ.

"ಇವರದ್ದೂ ಒಂದು ಸೀಟು ಹಿಡಿದಿಡಿ. ಬರ್ತಾರೆ."

ಹೇಗೆ ಹೇಳುತ್ತೀರಿ ಎಂದರೆ ನಕ್ಕರು. ತಾನು ಹೇಳಿದ್ದು ಗಂಡನಿಗೆ ಗೊತ್ತಾಗಬಾರದು ಎಂದಷ್ಟೇ ಹೇಳಿ ಹೋದರು. ನಾನು ಸೀಟು ಹಿಡಿದೆ, ನಂಬಿಕೆ ಮಾತ್ರ ಇರಲಿಲ್ಲ. ಸಿಂಹ ಸಸ್ಯಾಹಾರಿಯಾದರೂ ಆದೀತು, ಧಣಿಗಳು ಗಲ್ಲಾ ಬಿಟ್ಟಾರೆಯೇ?

ಒಂದು ವಾರವೂ ಆಗಿರಲಿಲ್ಲ. ಚಹಾದ ಹೊತ್ತಿಗೆ ಧಣಿಗಳು ಸ್ವತಃ ನನ್ನ ಬಾಗಿಲಲ್ಲಿ ನಿಂತಿದ್ದರು. ಅವರು ಇಷ್ಟು ಎತ್ತರವಿದ್ದಾರೆಂದು ನನಗೆ ಗೊತ್ತಾದದ್ದೇ ಅವತ್ತು. ಕೈಯಲ್ಲಿ ತಮ್ಮ ಹೋಟೆಲಿನ ಗೋಳಿಬಜೆಯ ಪೊಟ್ಟಣ. ತಿನ್ನಿ ತಿನ್ನಿ ಎಂದು ಒತ್ತಾಯ ಮಾಡಿದರು. ನಾನು ಒಂದನ್ನು ಬಾಯಿಗೆ ಹಾಕಿಕೊಂಡ ಮೇಲೆ, ಕೀನ್ಯಾಕ್ಕೆ ಇನ್ನೊಂದು ಸೀಟು ಸಿಕ್ಕೀತೇ ಎಂದು ಮೆಲ್ಲಗೆ ಕೇಳಿದರು.

ಗಲ್ಲಾದ ಗತಿ ಏನು ಎಂದೆ. ಭಾವ ಕೂರುತ್ತಾನಂತೆ. ಈ ಭಾವ ಇಷ್ಟು ವರ್ಷ ಎಲ್ಲಿದ್ದ ಎಂದು ಕೇಳಿದೆ. ಅದಕ್ಕೆ ಇನ್ನೊಂದು ಗೋಳಿಬಜೆ ನನ್ನ ಕೈಗಿಟ್ಟರು. ಹೆಂಡತಿಯ ಮೇಲೆ ಪ್ರೀತಿ ಉಕ್ಕಿತೇ, ಕಾಡಿನಲ್ಲಿ ಅವರಿಗೇನಾದರೂ ಆದೀತೆಂಬ ಹೆದರಿಕೆಯೇ ಎಂದು ಕೆದಕಿದೆ. ಧಣಿಗಳು ಬಾಗಿಲ ಕಡೆ ಒಮ್ಮೆ ನೋಡಿ, ಕುರ್ಚಿಯನ್ನು ಹತ್ತಿರ ಎಳೆದುಕೊಂಡರು.

"ನನ್ನ ಊಟದ ಡಬ್ಬಿ ಎರಡು ಹೊತ್ತೂ ಮನೆಯಿಂದ ಬರೋದು ಮಾರಾಯ್ರೆ. ಇವಳು ಆಫ್ರಿಕಾಕ್ಕೆ ಹೋದ್ರೆ ಅಷ್ಟು ದಿನ ನಾನು ನಮ್ಮ ಹೋಟೆಲಲ್ಲೇ ಊಟ ಮಾಡ್ಬೇಕಾಗ್ತದೆ."

ಅದರಲ್ಲೇನು ಕಷ್ಟ, ಅರ್ಧ ಮಲಾಡು ನಿಮ್ಮಲ್ಲೇ ಉಣ್ಣುತ್ತದಲ್ಲ ಅಂದು ಕೈಯಲ್ಲಿದ್ದ ಗೋಳಿಬಜೆಯನ್ನು ಬಾಯಿಗೆ ಹಾಕಿಕೊಂಡೆ.

"ಉಣ್ಲಿ, ಅವರಿಗೆ ದೇವರು ಒಳ್ಳೇದು ಮಾಡ್ಲಿ. ಅವರಿಗೆ ಗೊತ್ತಿಲ್ಲ, ನನಗೆ ಗೊತ್ತುಂಟಲ್ಲ."

ಬಾಯಲ್ಲಿದ್ದ ಗೋಳಿಬಜೆಯನ್ನು ನುಂಗಲೋ ಉಗುಳಲೋ ತಿಳಿಯದೆ ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಧಣಿಗಳು ಪೊಟ್ಟಣವನ್ನು ಇನ್ನಷ್ಟು ನನ್ನ ಕಡೆ ತಳ್ಳಿ, "ತಿನ್ನಿ, ಬಿಸಿ ಉಂಟು" ಅಂದರು.