ಹಿಟ್ಟು ಹುಳಿಯಾಗದ ಮನೆ

ಹುಳಿ ದೋಸೆ ಕೇಳುವುದೂ ಒಂದೇ, ದೇವರ ಕೋಣೆಗೆ ಚಪ್ಪಲಿ ಮೆಟ್ಟಿಕೊಂಡು ನುಗ್ಗುವುದೂ ಒಂದೇ. ಕೊಚ್ಚಿ ಹತ್ತಿರದ ಆಲುವದ ನನ್ನ ಚಿಕ್ಕಮ್ಮನ ಮನೆಯಲ್ಲಿ ಎರಡಕ್ಕೂ ಸಮಾನ ಶಿಕ್ಷೆ! ಕಾಸರಗೋಡಿನಲ್ಲಿ ಹುಟ್ಟಿ ಬೆಳೆದ ಹೆಂಗಸು ಉದ್ದಿನ ಹಿಟ್ಟಿಗೆ ಹೆದರುತ್ತಿದ್ದರು ಎಂದರೆ ಯಾರು ನಂಬುತ್ತಾರೆ? ಕೊಚ್ಚಿಯಲ್ಲಿ ಕಾಲೇಜು ಓದುತ್ತಾ ಅವರ ಜೊತೆಗಿದ್ದ ಮೂರು ವರ್ಷ ನಾನು ತಿಂದದ್ದು ನೀರುದೋಸೆ, ನೀರುದೋಸೆ ಮತ್ತು ನೀರುದೋಸೆ. ಈಗ ನೆನೆದರೆ ಅದಕ್ಕೂ ಬಾಯಲ್ಲಿ ನೀರೂರುತ್ತದೆ.

ತಪ್ಪು ಅವರ ಕೆಲಸದ್ದು. ಔಷಧದ ಕಾರ್ಖಾನೆಯಲ್ಲಿ ಜೀವಕೋಶಗಳನ್ನು ಸಾಕುವ ಕೆಲಸ. ಯಾವ ಔಷಧ ಬೇಕೋ ಅದನ್ನು ತಯಾರಿಸುವ ಸೂಚನೆಯನ್ನು ಆ ಕೋಶಗಳೊಳಗೇ ಸೇರಿಸಿರುತ್ತಾರೆ. ದೊಡ್ಡ ಸ್ಟೀಲ್ ಟ್ಯಾಂಕಿನ ಬೆಚ್ಚನೆಯ ದ್ರವದಲ್ಲಿ ಅವು ಉಂಡು, ಉಸಿರಾಡಿ, ಹೆಚ್ಚುತ್ತಾ ಔಷಧ ಒಸರುತ್ತವೆ. ಅದನ್ನು ಸೋಸಿ ಶುದ್ಧ ಮಾಡುತ್ತಾರೆ. ಹಿಟ್ಟನ್ನು ಹುಳಿ ಮಾಡುವಂಥ ಸೂಕ್ಷ್ಮಜೀವಿ ನುಸುಳಿತೋ, ಇಡೀ ಟ್ಯಾಂಕು ಚರಂಡಿಪಾಲು. ಒಮ್ಮೆ ಹಾಗಾಯಿತು. ಯಾರಿಂದ ಎಂದು ತಿಳಿಯಲಿಲ್ಲ. ಮರುದಿನವೇ ಚಿಕ್ಕಮ್ಮ ಗ್ರೈಂಡರ್ ಮಾರಿದರು.

"ಅಲ್ಲಿ ಗೌನು, ಮುಸುಕು ಎಲ್ಲ ಇದೆಯಲ್ಲ ಚಿಕ್ಕಮ್ಮ?" ಎಂದೆ.

"ಉಂಟು. ಆದ್ರೂ ಹಾಳಾಯ್ತಲ್ಲ?"

ಪಕ್ಕದ ಮನೆಯ ಚೇಚಿ ಹುಳಿಹಿಟ್ಟಿನ ಅಪ್ಪಂ ತಂದರೆ ಗೇಟಿನಲ್ಲೇ ಇಸಿದುಕೊಂಡು ನನ್ನ ಕೈಗೆ ಕೊಡುತ್ತಿದ್ದರು: ಮೆಟ್ಟಿಲ ಮೇಲೆ ಕೂತು ತಿನ್ನಬೇಕು, ಹಿತ್ತಲ ಬಚ್ಚಲಲ್ಲಿ ಸ್ನಾನ ಮಾಡಿ ಒಳಬರಬೇಕು. ಆರು ಅಪ್ಪಂಗೆ ಒಂದು ಸ್ನಾನ ನಷ್ಟವೇನಲ್ಲ!

ಮದುವೆಯೊಂದರಲ್ಲಿ ನೆಂಟರೊಬ್ಬರು "ಮಕ್ಕಳೆಷ್ಟು?" ಎಂದು ಮದುವೆಯೇ ಆಗದ ಚಿಕ್ಕಮ್ಮನನ್ನು ಕೇಳಿಬಿಟ್ಟರು.

"ಸೋಮವಾರ ಎಣಿಸುವಾಗ ಕೋಟಿ ದಾಟಿತ್ತು. ಕನ್ನಡದಲ್ಲೇ ಮಾತಾಡಿಸ್ತೇನೆ. ನಿಮ್ಮ ಮಕ್ಕಳ ಹಾಗೆ ಮಲಯಾಳದಲ್ಲಿ ಎದುರು ಮಾತಾಡುದಿಲ್ಲ."

ನಂತರ ನಾನು ತಿರುವನಂತಪುರದಲ್ಲಿ ಐಟಿ ಕೆಲಸಕ್ಕೆ ಸೇರಿದೆ. ಎರಡು ವರ್ಷವಾಗುವಷ್ಟರಲ್ಲಿ ಬೆರಳಿನ ಗಂಟುಗಳೆಲ್ಲ ಬಾತುಕೊಂಡವು. ಕೀಬೋರ್ಡ್ ಇರಲಿ, ಜಡೆ ಹಾಕಿಕೊಳ್ಳಲೂ ಆಗದೆ ಹಾಸ್ಟೆಲಿನಲ್ಲಿ ಅಳುತ್ತಾ ಕೂತೆ. ಸಂಧಿವಾತದ ಮಾತ್ರೆಗಳು ನಾಟದಿದ್ದಾಗ ಅಲ್ಲೇ ಉಳ್ಳೂರಿನ ಡಾಕ್ಟರು ಇಂಜೆಕ್ಷನ್ ಬರೆದರು. ಜೀವಕೋಶಗಳಿಂದ ತೆಗೆದ ಔಷಧ, ಅದೂ ಹಿಡಿಯದಿದ್ದರೆ ಬೆರಳು ಹೀಗೇ ಸೊಟ್ಟಗಾಗುತ್ತದೆ ಎಂದರು.

ಸುದ್ದಿ ತಿಳಿದದ್ದೇ ತಡ, ಚಿಕ್ಕಮ್ಮ ರೈಲು ಹತ್ತಿದರು. ಆಸ್ಪತ್ರೆಯಲ್ಲಿ ಫ್ರಿಜ್ಜಿನಿಂದ ತೆಗೆದ ಸಿರಿಂಜನ್ನು ನರ್ಸು ಕುಲುಕುವುದರಲ್ಲಿದ್ದಳು. "ಕುಲುಕಬೇಡ ಮೋಳೇ, ಕೆಡ್ತದೆ," ಎಂದು ಸ್ವಂತ ಮಗಳಿಗೆ ಹೇಳುವ ಹಾಗೆ ಹೇಳಿ ಇಸಿದುಕೊಂಡು, ತಣ್ಣಗಿದ್ದರೆ ನನಗೆ ನೋವಾದೀತೆಂದು ಎರಡು ಅಂಗೈ ನಡುವೆ ಹಿಡಿದು ಕುಳಿತರು.

"ನಿಮ್ಮ ಕಂಪನಿಯದ್ದಾ?" ಎಂದು ಕೇಳಿದೆ.

"ಅಲ್ಲ. ಯಾರದ್ದಾದ್ರೆ ಎಂತ? ಇದನ್ನೂ ನನ್ನಂಥವಳು ಯಾರೋ ಸಾಕಿರ್ತಾಳೆ." ಅಂಗೈ ಬಿಡಿಸಿ ಸಿರಿಂಜು ನೋಡುತ್ತಾ ಮೆಲ್ಲಗೆ ಹೇಳಿದರು, "ಇಪ್ಪತ್ತು ವರ್ಷ ಮಾಡಿದ್ದೇ ಮಾಡಿದ್ದು. ಯಾರ ಮೈಗೆ ಹೋಗ್ತದೆ ಅಂತ ಇವತ್ತಿನವರೆಗೆ ನೋಡಿರ್ಲಿಲ್ಲ."

ನಾಲ್ಕನೇ ತಿಂಗಳು ನಾನೇ ಜಡೆ ಹಾಕಿಕೊಂಡು ಆಲುವಕ್ಕೆ ಹೋದೆ. ಚಿಕ್ಕಮ್ಮ ಬಾಗಿಲಲ್ಲೇ ನನ್ನನ್ನು ತಿರುಗಿಸಿ ನಿಲ್ಲಿಸಿ, ಇಡೀ ಜಡೆ ಬಿಚ್ಚಿಬಿಟ್ಟರು.

"ಇನ್ನೊಮ್ಮೆ ಹಾಕು. ನಾನು ನೋಡ್ಬೇಕು."

ನಾನು ಹೆಣೆಯುತ್ತಾ ಹೋದೆ. ಅವರು ಕಣ್ಣೊರೆಸಿಕೊಳ್ಳುತ್ತಾ ನನ್ನ ಒಂದೊಂದೇ ಬೆರಳು ನೋಡಿದರು.