ಐವತ್ತರ ನೋಟಿನ ರಥ

ಮದುವೆಯಾದ ಹೊಸದರಲ್ಲಿ ಮಂಡ್ಯದ ಪಾಪಣ್ಣ ಹೆಂಡತಿಗೆ ಹಂಪಿಯ ಕಲ್ಲಿನ ರಥ ತೋರಿಸುತ್ತೇನೆಂದು ಮಾತು ಕೊಟ್ಟಿದ್ದ. ಈಗ ಮಗಳಿಗೇ ಮದುವೆಯಾಗಿತ್ತು. ರಥದ ಚಿತ್ರವಿರುವ ಐವತ್ತರ ನೋಟು ಬಂದ ಮೇಲಂತೂ ಅವನ ಪಾಡು ಕೇಳುವುದೇ ಬೇಡ. ನೋಟು ಕೈಗೆ ಬಂದಾಗಲೆಲ್ಲ ಕೆಂಪಮ್ಮ ಅದನ್ನು ಗಂಡನ ಮೂಗಿಗೆ ಹಿಡಿದು, "ನನ್ ಹಣೇಲಿ ಬರ್ದಿರೋದು ಇಷ್ಟೇ" ಎನ್ನುತ್ತಿದ್ದಳು.

ದಿಲ್ಲಿಯ ಮಗಳ ಮನೆಯಿಂದ ಬೆಂಗಳೂರಿಗೆ ಮರಳುವಾಗ ಕಲಬುರಗಿಯಲ್ಲಿ ವಿಮಾನ ಬದಲಿಸಬೇಕಿತ್ತು. ಬೆಳಿಗ್ಗೆ ಇಳಿದರೆ ಮುಂದಿನ ವಿಮಾನ ಮಧ್ಯಾಹ್ನಕ್ಕೆ. ಕೂತಲ್ಲೇ ಫೋನು ತಿಕ್ಕುತ್ತಿದ್ದ ಪಾಪಣ್ಣ ಥಟ್ಟನೆ ಎದ್ದು ನಿಂತ. ಹಂಪಿ ಇರುವುದು ಕಮಲಾಪುರದ ಪಕ್ಕದಲ್ಲಿ ಎಂದು ಫೋನು ಹೇಳಿತ್ತು. ಕಮಲಾಪುರ ಇಲ್ಲಿಗೆ ಹತ್ತಿರ ಎಂದು ಪಕ್ಕದಲ್ಲಿ ಕೂತಿದ್ದವರು ಹೇಳಿದ್ದರು.

ಕೆಂಪಮ್ಮನಿಗೆ ಗಂಡನ ಭೂಗೋಳದ ಮೇಲೆ ನಂಬಿಕೆ ಇರಲಿಲ್ಲ. ತನಗೆ ಮೊಣಕಾಲು ನೋವು, ನೀವೇ ಹೋಗಿ ರಥದ ಮುಂದೆ ನಿಂತು ಫೋಟೊ ಕಳಿಸಿ, ಇನ್ನು ಆ ಮಾತೇ ಎತ್ತುವುದಿಲ್ಲ ಎಂದಳು. ಜೀವಮಾನದ ಬೈಗುಳ ಒಂದು ಫೋಟೊದಲ್ಲಿ ತೀರುವುದಾದರೆ ಯಾರು ಬಿಟ್ಟಾರು! ಪಾಪಣ್ಣ ಹೊರಗೆ ಬಂದು ಬಾಡಿಗೆ ಕಾರಿನ ಮೈಬೂಬನನ್ನು ಹಿಡಿದ.

"ಕಮಲಾಪುರ ಗೊತ್ತೇನಪ್ಪಾ?"

"ಏನ್ ಸಾಹೇಬ್ರ, ಹಿಂಗ ಕೇಳ್ತೀರಿ? ಅಲ್ಲಿಂದು ದೇಶಕ್ಕೆಲ್ಲ ಮಶಹೂರ್ ಅದ."

"ಹತ್ರ ಹೋಗಿ ನೋಡೋಕೆ ಬಿಡ್ತಾರಾ?"

"ಯಾಕ ಬಿಡಲ್ರೀ? ಮುಟ್ಟಿ ನೋಡ್ರಿ. ಬೇಕಂದ್ರ ಮನಿಗೂ ಒಯ್ರಿ."

ಕಲ್ಲಿನ ರಥವನ್ನೇ ಮನೆಗೆ ಒಯ್ಯಿರಿ ಎನ್ನುವ ಈ ಕಡೆಯವರ ದೊಡ್ಡ ಮನಸ್ಸಿಗೆ ಪಾಪಣ್ಣ ಕೈಮುಗಿದು ಕಾರು ಹತ್ತಿದ.

ಮೈಬೂಬ ಮೊದಲು ಕಾರು ತಿರುಗಿಸಿದ್ದು ಮೋಮಿನಪುರದ ತನ್ನ ಮನೆಗೆ. ವಿಮಾನದಲ್ಲಿ ಬಂದವರೆಲ್ಲ ಹಸಿದೇ ಇರುತ್ತಾರೆಂಬುದು ಅವನ ತಾಯಿ ಇಕ್ಬಾಲ್ ಬೇಗಂ ಅವರ ಗಟ್ಟಿ ನಂಬಿಕೆ. ಪಾಪಣ್ಣ ಸಾಕು ಎಂದಷ್ಟೂ ತಟ್ಟೆಗೆ ರೊಟ್ಟಿ ಬಿದ್ದವು. ವಿಮಾನ ತಪ್ಪಿಹೋಗುತ್ತದೆ ಎಂದು ಗೋಗರೆದರೆ, ವಿಮಾನ ನಾಳೆಯೂ ಬರುತ್ತದೆ, ಈ ರೊಟ್ಟಿ ಆಗ ಬಿಸಿ ಇರುತ್ತದೆಯೇ ಎಂದರು.

ಕಮಲಾಪುರದಲ್ಲಿ ಕಾರು ನಿಂತದ್ದು ರಸ್ತೆ ಬದಿಯ ಬಾಳೆಹಣ್ಣಿನ ಬುಟ್ಟಿಗಳ ಮುಂದೆ. ಹಣ್ಣೆಲ್ಲ ಕೆಂಪಗೆ ಮದುಮಗಳಂತೆ ಕೂತಿದ್ದವು. ಪಾಪಣ್ಣ ಸುತ್ತ ಕಣ್ಣಾಡಿಸಿ, ರಥ ಕಾಣದೆ, ಜೇಬಿನಿಂದ ಐವತ್ತರ ನೋಟು ತೆಗೆದು ಹಣ್ಣು ಮಾರುತ್ತಿದ್ದ ಕಸ್ತೂರಿಬಾಯಿಯ ಮುಂದೆ ಹಿಡಿದು ಇದೆಲ್ಲಿದೆ ಎಂದು ಕೇಳಿದ. ಆಕೆ ನೋಟು ಇಸಿದುಕೊಂಡು ಸಂಚಿಗೆ ತುರುಕಿ, ಹಣ್ಣು ಕೈಗಿಟ್ಟಳು.

"ಹಣ್ಣಲ್ಲಮ್ಮಾ, ನೋಟಿನ ಮೇಲಿತ್ತಲ್ಲ, ಆ ರಥ."

"ರಥ ನಾ ಎಲ್ಲಿಂದ ತರ್ಲಿ ಯಣ್ಣಾ? ಆ ಕಮಲಾಪುರ ಹೊಸಪ್ಯಾಟಿ ಕಡಿ ಅದ. ನಮ್ಮ ಕಮಲಾಪುರಕ್ಕ ಕೆಂಪ್ ಬಾಳಿಹಣ್ಣೇ ಮಶಹೂರ್."

ಪಾಪಣ್ಣನ ಮುಖ ಕೈಯಲ್ಲಿದ್ದ ಹಣ್ಣಿನ ಬಣ್ಣಕ್ಕೆ ತಿರುಗಿತು. ಕಾರು ವಾಪಸು ಓಡಿತು, ಅರ್ಧ ದಾರಿಯಲ್ಲಿ ಪಂಚರಾಯಿತು. ಪಾಪಣ್ಣ ಹೆಂಡತಿಗೆ ಫೋನು ಮಾಡಿ, ಟಿಕೆಟ್ಟು ದಂಡವಾಗುವುದು ಬೇಡ, ನೀನು ಹತ್ತಿಬಿಡು, ನಾನು ನಾಳೆ ಬರುತ್ತೇನೆ ಎಂದ. ಕೆಂಪಮ್ಮ ಒಂದು ಮಾತೂ ಬೈಯದೆ ಹತ್ತಿದಳು. ಅದಕ್ಕೇ ಅವನಿಗೆ ಭಯವಾಯಿತು.

ಸಂಜೆ ಮೈಬೂಬನ ಮನೆಯ ಜಗಲಿಯಲ್ಲಿ ಪಾಪಣ್ಣ ಕೆಂಪು ಬಾಳೆ ಸುಲಿಯುತ್ತಿದ್ದಾಗ ಹೆಂಡತಿಯ ಫೋನು ಬಂತು. ಬೆಂಗಳೂರಿನಲ್ಲಿ ಜೋರು ಮಳೆಯಂತೆ. ಇಳಿಯಲಾಗದ ವಿಮಾನವನ್ನು ಹೊಸಪೇಟೆಯ ಹತ್ತಿರ ಇಳಿಸಿದರಂತೆ. ಇನ್ನು ಹೊರಡುವುದು ನಾಳೆಯೇ ಎಂದಾಗ ಎಲ್ಲರೂ ಸೇರಿ ಬಸ್ಸು ಮಾಡಿಕೊಂಡು ಹಂಪಿಗೆ ಹೋದರಂತೆ. ಹಿಂದೆಯೇ ಫೋಟೊ ಬಂತು: ಕಲ್ಲಿನ ರಥದ ಮುಂದೆ ಕೆಂಪಮ್ಮ, ಮೊಣಕಾಲು ನೋವಿನ ಸುಳಿವಿಲ್ಲದೆ ನಗುತ್ತಿದ್ದಳು.

"ರೀ, ಎಲ್ಲೂ ಹೋಗ್ದೆ ನನ್ ಪಕ್ದಲ್ಲಿ ಸುಮ್ನೆ ಕೂತಿದ್ದಿದ್ರೆ ನೀವೂ ನೋಡ್ಬೋದಿತ್ತು. ಹೋಗ್ಲಿ ಬಿಡಿ, ನಿಮ್ಗೆ ಐವತ್ರ ನೋಟಿದೆಯಲ್ಲ."

ಪಾಪಣ್ಣ ಜೇಬು ತಡಕಿದ. ನೋಟು ಕಸ್ತೂರಿಬಾಯಿಯ ಸಂಚಿಯಲ್ಲಿತ್ತು.