ಮಜ್ಜಿಗೆಯೆಂಬ ವಾದ್ಯ

ರಾಜಗೋಪಾಲನಗರದ ನಮ್ಮ ಬೀದಿಯ ಜನ ನನ್ನ ಸೋದರಮಾವನ ಮೇಲೆ ಹೊರಿಸದೆ ಬಿಟ್ಟ ಆರೋಪ ಒಂದೇ ಒಂದು: ಅವರು ಸಂಗೀತಗಾರರು ಎಂಬುದು! ಉಳಿದವೆಲ್ಲ ಆಗಿವೆ. ಹಾಲಿನವನ ಹೆಲ್ಮೆಟ್ ಉರುಳಿಸಿದವರು, ಹಸುಗೂಸುಗಳ ನಿದ್ದೆ ಕೆಡಿಸಿದವರು, ಇಲ್ಲದ ಕೊಳವೆಬಾವಿಯ ಸದ್ದು ಹೊರಡಿಸಿ ಬೀದಿಗೆಲ್ಲ ನೀರಿನ ಆಸೆ ಹುಟ್ಟಿಸಿದವರು. ಕಾಲೇಜಿನ ದಿನಗಳನ್ನು ಚರ್ಚಾಸ್ಪರ್ಧೆಗಳಲ್ಲೇ ಕಳೆದ ನನಗೆ ಯಾವ ವಿಷಯದ ಪರವಾಗಿಯೂ ವಿರೋಧವಾಗಿಯೂ ಮಾತನಾಡುವ ಅಭ್ಯಾಸವಿದೆ. ಆದರೆ ಮಾವನ ವಿಷಯದಲ್ಲಿ ನಾನು ಒಂದೇ ಪಕ್ಷ. ವಿರೋಧ ಪಕ್ಷದ ಮಾನ್ಯರು ಕೊನೆಯವರೆಗೂ ಎದ್ದು ಹೋಗದೆ ಕುಳಿತಿರಬೇಕೆಂದು ವಿನಂತಿ.

ಮಾವ ಹಗಲಿನಲ್ಲಿ ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಲೇತ್ ನಡೆಸುತ್ತಿದ್ದರು. ಮದುವೆಗಳ ಕಾಲ ಬಂದರೆ ಬ್ಯಾಂಡ್‌ಸೆಟ್ಟಿನಲ್ಲಿ ಟ್ರಾಂಬೋನ್ ಊದುತ್ತಿದ್ದರು. ಹಿತ್ತಾಳೆಯ ಕೊಳವೆಯನ್ನು ಕೈಯಿಂದ ಮುಂದಕ್ಕೂ ಹಿಂದಕ್ಕೂ ಎಳೆಯುತ್ತ ಊದುವ ವಾದ್ಯ ಅದು. ಮುಂದೆ ನಡೆಯುವವನ ಬೆನ್ನಿಗೆ ತಿವಿಯುವುದೆಂದು ಬ್ಯಾಂಡಿನಲ್ಲಿ ಬೇರೆ ಯಾರೂ ಅದನ್ನು ಮುಟ್ಟಿರಲಿಲ್ಲ. ಮಾವ ಮುಟ್ಟಿದರು. ಅಂದಿನಿಂದ ಮೆರವಣಿಗೆಯಲ್ಲಿ ಅವರ ಮುಂದಿನ ಜಾಗ ಸದಾ ಖಾಲಿ!

ಅವರ ಊದುವಿಕೆಗೆ ಇದ್ದ ಏಕೈಕ ವಿಮರ್ಶಕಿ ನನ್ನ ಅತ್ತೆ. ಆಕೆ ಓಲಗದವರ ಮನೆಯ ಮಗಳು. ನಾದಸ್ವರದ ಪಕ್ಕದಲ್ಲಿ ನಿಂತು, ಒಂದೇ ಸ್ವರವನ್ನು ಎಡೆಬಿಡದೆ ಹಿಡಿದಿರುವ ಶ್ರುತಿಯ ಕೊಳವೆಯನ್ನು ಆಕೆಯ ತಂದೆ ಊದುತ್ತಿದ್ದರು. ಮುಹೂರ್ತದ ಹೊತ್ತಿನಲ್ಲಿ ಶ್ರುತಿ ಮುರಿಯಬಾರದು ಎಂಬುದು ಆ ಮನೆಯಲ್ಲಿ ಅನ್ನದಷ್ಟೇ ಮುಖ್ಯವಾದ ಸಂಗತಿ. ಹೀಗಾಗಿ ಮಾವ ಹಜಾರದಲ್ಲಿ ಸ್ವರ ತಪ್ಪಿದರೆ ಸಾಕು, ಅಡುಗೆಮನೆಯಲ್ಲಿ ಸೌಟು ಪಾತ್ರೆಯ ಅಂಚಿಗೆ ಬಡಿಯುತ್ತಿತ್ತು: ಟಣ್!

"ಎಲ್ಲಿ ತಪ್ತೇ?" ಎಂದು ಮಾವ ಕೂಗುವರು.

"ಎಲ್ಲಿ ತಪ್ಲಿಲ್ಲ ಅಂತ ಕೇಳಿ, ಬೇಗ ಹೇಳ್ಬಹುದು!" ಎಂದು ಅತ್ತೆ.

ಈ ಸಂಭಾಷಣೆಯ ಮೇಲೆ ಆ ದಾಂಪತ್ಯ ನಿಂತಿತ್ತು ಎಂದರೆ ಅತಿಶಯೋಕ್ತಿಯಲ್ಲ.

ಒಂದು ದಿನ ಮಾವ ತಪ್ಪಿದರು, ಸೌಟು ಬಡಿಯಲಿಲ್ಲ. ತಾವು ಸುಧಾರಿಸಿದೆವೆಂದು ಮಾವ ಹಿಗ್ಗಿದರು. ಮರುದಿನ ಕುಕ್ಕರ್ ಕೂಗಿ ಕೂಗಿ ಬೇಳೆ ಸೀದುಹೋಯಿತು. ಆಗ ಹಿಗ್ಗು ಇಳಿಯಿತು.

ಅತ್ತೆ ಎಷ್ಟೋ ವರ್ಷಗಳಿಂದ ಪಾತ್ರೆಯ ಮುಚ್ಚಳ ಒತ್ತುವ ಸಣ್ಣ ಪ್ರೆಸ್ ಶಾಪಿನಲ್ಲಿ ಕೆಲಸಕ್ಕಿದ್ದರು. ಆ ಸದ್ದೇ ಆಕೆಯ ಕಿವಿಯನ್ನು ತಿಂದಿತ್ತು. ನಾನಾಗ ಕಾರ್ಖಾನೆಗಳ ಗೇಟಿನಲ್ಲಿ ನಿಂತು, ಕೆಲಸಗಾರರು ಕಿವಿ ಮುಚ್ಚಿಕೊಳ್ಳಬೇಕೆಂದು ಭಾಷಣ ಮಾಡುತ್ತಿದ್ದ ಕಾಲ. "ಹತ್ತಿಯನ್ನಾದರೂ ಇಟ್ಟುಕೊಳ್ಳಬಾರದಿತ್ತೇ ಅತ್ತೆ?" ಎಂದು ಕೇಳಿದೆ.

"ಇಟ್ಕೊಂಡಿದ್ದೆ ಕಣೇ. ಆಮೇಲೆ ತೆಗೆದುಬಿಟ್ಟೆ. ಮೆಷಿನ್ ಸದ್ದು ಕೇಳ್ಸಿದ್ರೆ ತಾನೆ ಕೈ ಯಾವಾಗ ಎಳ್ಕೋಬೇಕು ಅಂತ ಗೊತ್ತಾಗೋದು? ನೋಡು, ಬೆರಳೆಲ್ಲ ಹಂಗೇ ಇದೆ," ಎಂದು ಎರಡೂ ಕೈಗಳನ್ನು ಬಿಚ್ಚಿ ತೋರಿಸಿದರು. ಬೆರಳುಗಳನ್ನು ಉಳಿಸಿಕೊಳ್ಳಲು ಕಿವಿಯನ್ನು ತೆತ್ತವರ ಮುಖದಲ್ಲಿ ಅಂಥ ಹೆಮ್ಮೆಯನ್ನು ಕಂಡಾಗ ಏನು ಹೇಳಬೇಕೆಂದು ಯಾವ ಚರ್ಚಾಸ್ಪರ್ಧೆಯೂ ಕಲಿಸುವುದಿಲ್ಲ. ಮಾವ ಮಾತ್ರ ನನ್ನ ಬೆನ್ನು ತಟ್ಟಿ, "ನೀನು ಭಾಷಣ ಮಾಡ್ತಾನೇ ಇರಮ್ಮ. ನೀನು ಶುರು ಮಾಡಿದ್ರೆ ಎಲ್ರೂ ತಾವಾಗೇ ಕಿವಿ ಮುಚ್ಕೋತಾರೆ," ಎಂದರು!

ಸಣ್ಣ, ಎತ್ತರದ ದನಿಗಳು ಮೊದಲು ಹೋಗುತ್ತವೆ, ದಪ್ಪ, ತಗ್ಗಿನ ದನಿಗಳು ಕೊನೆಗೆ ಹೋಗುತ್ತವೆ ಎಂದು ವೈದ್ಯರು ವಿವರಿಸಿದರು. ಕಿವಿಗೆ ಹಾಕಿಕೊಳ್ಳುವ ಯಂತ್ರ ಪಾತ್ರೆಯ ಸದ್ದನ್ನೆಲ್ಲ ಕಿರುಚಾಟವಾಗಿಸಿತೆಂದು ಅತ್ತೆ ಅದನ್ನು ಅಕ್ಕಿ ಡಬ್ಬಿಗೆ ಸೇರಿಸಿದರು. ಕೇಳಿಸದವರು ಮಾತನ್ನೂ ಕಡಿಮೆ ಮಾಡುತ್ತಾರೆ. ಅತ್ತೆ ದಿನದಿಂದ ದಿನಕ್ಕೆ ಮೌನವಾಗತೊಡಗಿದರು. ಮಾವನಿಗೆ ಹೆದರಿಕೆ ಹುಟ್ಟಿಸಿದ್ದು ಆಕೆಯ ಕಿವುಡಲ್ಲ, ಆ ಮೌನ. ಆದರೆ ವೈದ್ಯರ ಮಾತಿನಲ್ಲಿ ಅವರಿಗೆ ಒಂದು ದಾರಿ ಕಂಡಿತ್ತು: "ಅಂದ್ರೆ ಕೆಳಗಡೆ ಬಾಗಿಲು ಇನ್ನೂ ತೆಗೆದಿದೆ!"

ಅಲ್ಲಿಂದ ಮಾವ ಅತ್ತೆಯ ಕಿವಿಯ ಹಿಂದೆಯೇ ಇಳಿಯತೊಡಗಿದರು. ಸ್ವರ ಇಳಿದಂತೆಲ್ಲ ಸೌಟು ಮತ್ತೆ ಬಡಿಯತೊಡಗಿತು. ಟ್ರಾಂಬೋನಿನ ಗುಟ್ಟು ಏನೆಂದರೆ, ಸ್ವರ ಕೆಳಗಿಳಿಯಬೇಕಾದರೆ ಕೊಳವೆ ಮುಂದಕ್ಕೆ ಚಾಚಬೇಕು. ಅವರ ಹಜಾರವೋ ಎರಡು ಚಾಪೆ ಹಾಸಿದರೆ ತುಂಬುವಷ್ಟು. ಅತ್ತೆಗೆ ನಡುವಿನ ದನಿಗಳು ಹೋದಾಗ ಕೊಳವೆ ಕಿಟಕಿಯಿಂದ ಹೊರಬಂದಿತು. ಇನ್ನೂ ಹೋದಾಗ ಮಾವ ಬಾಗಿಲು ತೆರೆದಿಟ್ಟು ಬೀದಿಗೇ ಚಾಚಿದರು. ಹಾಲಿನವನ ಹೆಲ್ಮೆಟ್ ಉರುಳಿದ್ದು ಹೀಗೆ.

"ಏನ್ ಸಾರ್, ಮನೇಲಿ ಊದೋಕಾಗಲ್ವಾ?" ಎಂದ ಅವನು ತಲೆ ಸವರಿಕೊಳ್ಳುತ್ತ.

"ಮನೇಲೇ ಊದ್ತಿದೀನಿ ಗುರು. ವಾದ್ಯ ಮಾತ್ರ ಹೊರಗಿದೆ!"

ಇಷ್ಟಾದರೂ ಒಂದು ದಿನ ಸೌಟು ಸುಮ್ಮನಾಯಿತು. "ಇನ್ನು ಕೆಳಗಿಳೀಬೇಕಂದ್ರೆ ನನ್ನ ಕೈ ಉದ್ದ ಬೆಳೀಬೇಕು ಕಣಮ್ಮ," ಎಂದು ಮಾವ ಹೊಸ್ತಿಲಲ್ಲಿ ಕುಳಿತುಬಿಟ್ಟರು.

ಆ ವರ್ಷ ಕುಂದಲಹಳ್ಳಿಯ ಕಡೆಯ ಒಂದು ಸಾಫ್ಟ್‌ವೇರ್ ಕಂಪನಿಯ ಉತ್ಸವಕ್ಕೆ ಇವರ ಬ್ಯಾಂಡನ್ನು ಕರೆಸಿದ್ದರು. ಅಲ್ಲಿ ಉದ್ಯೋಗಿಯೊಬ್ಬ ಆಸ್ಟ್ರೇಲಿಯದಿಂದ ತಂದ ಆಳುದ್ದದ ಮರದ ಕೊಳವೆಯನ್ನು ನೆಲಕ್ಕೆ ಊರಿ ಊದಿದನಂತೆ. ಕೇಳಿದವರೆಲ್ಲ ನಕ್ಕರು. ಮಾವ ಮಾತ್ರ ಮೇಜಿನ ಮೇಲಿದ್ದ ಲೋಟವನ್ನು ನೋಡುತ್ತಿದ್ದರು. ಅದರ ನೀರು ನಡುಗುತ್ತಿತ್ತು.

"ನೀರಿಗೆ ಕೇಳ್ಸಿದ್ದು ಅವಳಿಗೆ ಕೇಳ್ಸಲ್ವಾ?" ಎಂದು ಮನೆಗೆ ಬಂದವರೇ ನನ್ನನ್ನು ಕೇಳಿದರು. ವಾದ್ಯದ ಹೆಸರು ಡಿಜೆರಿಡು. ಅದನ್ನು ಅತ್ತೆಯ ಮುಂದೆ ನಿಂತು, ಬಾಯಿ ಅಗಲಿಸಿ, ಬಿಡಿಸಿ ಬಿಡಿಸಿ ಹೇಳಿದರು: "ಡಿ-ಜೆ-ರಿ-ಡು!" ಅತ್ತೆ ತಲೆಯಾಡಿಸಿ ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದಿಟ್ಟರು. 'ಮಜ್ಜಿಗೆ ಇಡು' ಎಂದು ಅರ್ಥವಾಗಿತ್ತು! ಮಾವ ಮತ್ತೆ ಹೇಳಿದರು. ಇನ್ನೊಂದು ಲೋಟ ಬಂತು. ಮೂರನೆಯದನ್ನು ನಾನು ಕುಡಿದೆ. ಅಂದಿನಿಂದ ನಮ್ಮ ಮನೆಯಲ್ಲಿ ಆ ವಾದ್ಯದ ಹೆಸರು ಮಜ್ಜಿಗೆ.

ಮರದ ಕೊಳವೆ ಎಲ್ಲಿಂದ ತರುವುದು? ಮಾವ ಪೀಣ್ಯದ ಅಂಗಡಿಯಿಂದ ಬೋರ್‌ವೆಲ್ಲಿನ ಪಿವಿಸಿ ಪೈಪು ತಂದರು. ಬಾಯಿಡುವ ಕಡೆ ಜೇನುಮೇಣ ಮೆತ್ತಿದರು. ಮೊದಲ ಸಲ ಊದಿದಾಗ ಗೋಡೆಯ ಕ್ಯಾಲೆಂಡರ್ ಅದುರಿತು. ಮಹಡಿಯಲ್ಲಿ ಬಾಡಿಗೆಗಿದ್ದ ಬಾಗಲಕೋಟೆಯ ಗಾರೆ ಕೆಲಸದವನು ಕೊಡ ಹಿಡಿದು ಓಡಿಬಂದ.

"ಬೋರ್ ಕೊರಸಾಕತ್ತೀರೇನ್ರೀ? ನೀರು ಬಿತ್ತೇನ್ರೀ?"

"ಇನ್ನೂ ಇಲ್ಲಪ್ಪ, ಇಳೀತಾ ಇದೀನಿ," ಎಂದರು ಮಾವ.

ಅವನು ನಿರಾಸೆಯಿಂದ ಮರಳಿದ. ಮಾವ ಮತ್ತೆ ಊದುತ್ತಿದ್ದಂತೆ ಅಡುಗೆಮನೆಯಿಂದ, ಎಷ್ಟೋ ತಿಂಗಳ ನಂತರ, ಸದ್ದು ಬಂತು: ಟಣ್! ಮಾವನ ಬಾಯಿ ಪೈಪಿನಿಂದ ಜಾರಿತು. ಅತ್ತೆ ಸೌಟು ಹಿಡಿದೇ ಹೊರಗೆ ಬಂದರು.

"ಇದು ನಮ್ಮಪ್ಪನ ಶ್ರುತಿ ಥರಾನೇ ಇದೆಯಲ್ರೀ! ಆದ್ರೆ ನಡುನಡುವೆ ಮುರೀತಿದೆ. ಹಿಂಗೆ ಊದಿದ್ರೆ ಮದುವೆ ಆದ ಹಾಗೇ!"

"ನಮ್ಮದು ಆಗೋಗಿದೆ ಬಿಡೇ," ಎಂದರು ಮಾವ. ಕಣ್ಣು ಒರೆಸಿಕೊಂಡರು.

ಆ ದಿನದಿಂದ ಪಾಠ ಶುರುವಾಯಿತು. ಕೆನ್ನೆಯಲ್ಲಿ ಉಸಿರನ್ನು ಕೂಡಿಟ್ಟುಕೊಂಡು, ಅದನ್ನು ಹೊರಕ್ಕೆ ಒತ್ತುತ್ತಲೇ ಮೂಗಿನಿಂದ ಹೊಸ ಉಸಿರನ್ನು ಎಳೆದುಕೊಳ್ಳಬೇಕು. ಆಗ ದನಿ ಮುರಿಯುವುದಿಲ್ಲ. ತಂದೆ ಮಾಡುತ್ತಿದ್ದುದನ್ನು ಅತ್ತೆ ಬಾಲ್ಯದಲ್ಲಿ ನೋಡಿದ್ದರು. ಈಗ ಮಾವನ ಎರಡು ಕೆನ್ನೆಗಳನ್ನೂ ಅಂಗೈಯಲ್ಲಿ ಹಿಡಿದು, "ಇಲ್ಲಿರೋದನ್ನ ಬಿಡಿ, ಮೂಗಲ್ಲಿ ಎಳೀರಿ. ಅಯ್ಯೋ, ನುಂಗ್ಬೇಡ್ರೀ!" ಎಂದು ಗದರುತ್ತಿದ್ದರು. ಮಾವನ ಬಲಗೈಯೋ ಟ್ರಾಂಬೋನಿನ ಹಳೆಯ ಚಾಳಿಯಂತೆ ಗಾಳಿಯಲ್ಲೇ ಹಿಂದೆ ಮುಂದೆ ಓಡಾಡುತ್ತಿತ್ತು. ಅದಕ್ಕೂ ಒಂದೇಟು ಬೀಳುತ್ತಿತ್ತು. ಮನೆಯಲ್ಲಿ ಮತ್ತೆ ಜಗಳ, ಮತ್ತೆ ಮಾತು!

ಬೀದಿಯ ತುದಿಯಾಚೆ ಮೆಟ್ರೋ ಕಂಬಗಳು ಏಳುತ್ತಿದ್ದ ಹೊತ್ತಿಗೆ ಕೆಳಗಡೆಯ ಬಾಗಿಲೂ ಮುಚ್ಚಿತು. ಈಗ ಅತ್ತೆಗೆ ಯಾವ ದನಿಯೂ ಇಲ್ಲ. ಉಳಿದದ್ದು ಪೈಪಿನ ಮೇಲೆ ಇಟ್ಟ ಎಡ ಅಂಗೈ ಮಾತ್ರ. ಅದುರುವಿಕೆ ನಿಂತರೆ ಶ್ರುತಿ ಮುರಿಯಿತೆಂದು ಆಕೆಗೆ ತಿಳಿಯುತ್ತದೆ. ಆಗ ಬಲಗೈಯ ಸೌಟು ಪಕ್ಕದ ಪಾತ್ರೆಗೆ ಬಡಿಯುತ್ತದೆ. ಆ 'ಟಣ್' ಕೂಡ ಆಕೆಗೆ ಕೇಳಿಸುವುದಿಲ್ಲ.

ಕಳೆದ ಸಲ ಹೋದಾಗ ಬೆಳಗಿನ ಹೊತ್ತು. ಅತ್ತೆ ಎಂದಿನಂತೆ ಅಂಗೈ ಇಟ್ಟು ಕಣ್ಣು ಮುಚ್ಚಿದ್ದರು. ಮಾವ ಊದಿದರು. ದನಿ ಎಲ್ಲೂ ಕಡಿಯದೆ, ಬತ್ತದೆ, ಮುಹೂರ್ತದ ಶ್ರುತಿಯಂತೆ ನಿಂತೇ ಇತ್ತು. ಸೌಟು ಅಲುಗಲಿಲ್ಲ. ಮುಗಿದ ಮೇಲೂ ಅತ್ತೆ ಏನೂ ಹೇಳದೆ, ತಮ್ಮಷ್ಟಕ್ಕೆ ತಾವು ದೂರದಲ್ಲೆಲ್ಲೋ ಕುಳಿತಂತೆ ಕುಳಿತೇ ಇದ್ದರು.

"ಮಾವ, ಗೆದ್ದಿರಿ! ಒಂದು ಸಲವೂ ಮುರಿಯಲಿಲ್ಲ!" ಎಂದು ನಾನು ಚಪ್ಪಾಳೆ ತಟ್ಟಿದೆ.

"ಹೂಂ ಕಣಮ್ಮ. ಈಗೀಗ ಮುರಿಯೋದೇ ಇಲ್ಲ," ಎಂದರು ಮಾವ. ಸೌಟಿನ ಕಡೆ ನೋಡಿದರು. "ಇವಳೂ ಮಾತಾಡಲ್ಲ."

ಮತ್ತೆ ಪೈಪನ್ನು ತುಟಿಗೆ ಇಟ್ಟುಕೊಂಡರು. ಕ್ಯಾಲೆಂಡರ್ ಅದುರತೊಡಗಿತು. ದನಿ ತುಂಬಿ ಹರಿಯುತ್ತಿದ್ದಾಗಲೇ ಥಟ್ಟನೆ ಕಡಿಯಿತು.

ಟಣ್!

"ಏನ್ರೀ ಇದು! ಇಷ್ಟು ದಿನ ಹೇಳ್ಕೊಟ್ಟಿದ್ದೆಲ್ಲ ಎಲ್ ಹೋಯ್ತು? ನಮ್ಮಪ್ಪ ಇದ್ದಿದ್ರೆ ನಿಮ್ಮನ್ನ ಚಪ್ಪರದಿಂದ ಆಚೆ ಕಳಿಸ್ತಿದ್ರು!" ಅತ್ತೆಯ ದನಿ, ತಮಗೇ ಕೇಳಿಸದ ಆ ದೊಡ್ಡ ದನಿ, ಮನೆಯನ್ನೆಲ್ಲ ತುಂಬಿತು.

ಮಾವ ತಪ್ಪಿತಸ್ಥನಂತೆ ತಲೆ ತಗ್ಗಿಸಿ ಬೈಗುಳ ಕೇಳುತ್ತಿದ್ದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಅವರ ಎರಡೂ ಕೆನ್ನೆಗಳಲ್ಲಿ ಉಸಿರು ಇನ್ನೂ ತುಂಬಿಯೇ ಇತ್ತು.